ಕ್ಲೆಮ್ ರಾಡಿಚ್ ಮತ್ತು ಬಂದುಹೋಗುವ ನಡುಕ

ಕ್ಲೆಮ್ ರಾಡಿಚ್‌ನ ಬೆರಳ ತುದಿಗಳಿಗೆ ಏನೂ ತಿಳಿಯುತ್ತಿರಲಿಲ್ಲ. ಲಾರಿ ಚಕ್ರದ ನಟ್ಟು ಬಿಚ್ಚುವ ಏರ್ ಗನ್ನನ್ನು ಮೂವತ್ತೊಂದು ವರ್ಷ ಹಿಡಿದು ಆ ಅದುರಾಟಕ್ಕೆ ಕೈ ಜೋಮು ಹಿಡಿದಿತ್ತು. ನಮ್ಮ ಕಡೆ ಚಳಿಗಾಲವಾದ ಜುಲೈನಲ್ಲಿ ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿದ್ದವು. ಆದರೂ ಗಣಿಯೂರು ಕಾಲ್‌ಗೂರ್ಲಿಯ ನಮ್ಮ ಲಾರಿ ಡಿಪೋದಲ್ಲಿ ಟೈರನ್ನು ಅವನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಬೆರಳು ಕೈಕೊಟ್ಟ ಮೇಲೆ ಅವನು ಹಲ್ಲನ್ನು ನೆಚ್ಚಿಕೊಂಡಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಲಾರಿಗೆ ಒತ್ತಿ ಕಣ್ಣು ಮುಚ್ಚಿದನೆಂದರೆ, ಒಳಗೆಲ್ಲಿ ಏನು ನಡುಗುತ್ತಿದೆ ಎಂದು ದವಡೆಯಲ್ಲೇ ಗೊತ್ತಾಗುತ್ತಿತ್ತು.

ನಾನಾಗ ಅದೇ ಡಿಪೋದಲ್ಲಿ ರೇಡಿಯೋ ಮುಂದೆ ಕೂತು ಲಾರಿಗಳ ಓಡಾಟ ನೋಡಿಕೊಳ್ಳುತ್ತಿದ್ದೆ. ಲಿಯೊನೋರಾ ಊರಿನ ಗಣಿಗಳಿಂದ ಅದಿರು ತರುವ ಮೂರು ಟ್ರೇಲರಿನ ಲಾರಿಯೊಂದನ್ನು ನೆರಿಡಾ ಓಡಿಸುತ್ತಿದ್ದಳು. ವೇಗ ಎಂಬತ್ತು ಮುಟ್ಟಿದರೆ ಕ್ಯಾಬಿನ್ ನಡುಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ ಎಂದು ಅವಳು ನಾಲ್ಕು ತಿಂಗಳಿಂದ ಹೇಳುತ್ತಿದ್ದಳು. ಸಂಜೆ ಲಾರಿಯಿಂದ ಇಳಿಯುವಾಗ ಸೊಂಟ ಹಿಡಿದುಕೊಂಡು ಎರಡು ನಿಮಿಷ ನಿಂತೇ ಇರುತ್ತಿದ್ದಳು. ಮೆಕ್ಯಾನಿಕ್ ಊರಂಚಿನವರೆಗೆ ಓಡಿಸಿ ನೋಡಿ, ಏನೂ ಇಲ್ಲವೆಂದು ಬರೆದುಕೊಟ್ಟ. ಮ್ಯಾನೇಜರ್ ಗ್ರೇಡನ್ ಕೆಟ್ಟವನಲ್ಲ. ಹೊಸ ಸೀಟು ಹಾಕಿಸಿಕೊಟ್ಟ. ಆದರೆ ಜೊತೆಗೆ, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದೂ ಕೇಳಿಬಿಟ್ಟ. ಸೊಂಟದ ನೋವಿಗಿಂತ ಆ ಮಾತು ಅವಳನ್ನು ಹೆಚ್ಚು ನೋಯಿಸಿತು. ಕೆಲಸ ಬಿಡುತ್ತೇನೆ ಎಂದು ನನ್ನ ಹತ್ತಿರ ಹೇಳಿದಳು. ಅವಳ ಮಾತು ನಂಬಿದವನು ಕ್ಲೆಮ್ ಒಬ್ಬನೇ. ಅವಳ ಲಾರಿಯ ಒಂದೊಂದೇ ಚಕ್ರವನ್ನು ಬಿಚ್ಚಿ, ತಿರುಗಿಸಿ, ತೂಕ ಸುತ್ತಲೂ ಸಮವಾಗಿದೆಯೇ ಎಂದು ನೋಡಿದ. ಒಂದೊಂದಾಗಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇದ್ದವು.

ಮಾರ್ಚ್‌ನಲ್ಲಿ ಪರ್ತ್‌ನ ವಿಶ್ವವಿದ್ಯಾಲಯದಿಂದ ಸೂ-ಲಿನ್ ಕೋ ಎಂಬ ಎಂಜಿನಿಯರ್ ಬಂದಳು. ಭಾರಿ ಲಾರಿಗಳ ಟೈರು ಹೇಗೆ ಅದುರುತ್ತದೆ ಎಂಬುದನ್ನು ಲೆಕ್ಕದಲ್ಲಿ ಹಿಡಿಯುವುದು ಅವಳ ಕೆಲಸ. ಡಾಕ್ಟರ್ ಕೋ ಎಂದು ಗ್ರೇಡನ್ ಪರಿಚಯ ಮಾಡಿಕೊಟ್ಟ ಕೂಡಲೇ ಕ್ಲೆಮ್ ಮೊಣಕಾಲು ಮುಂದೆ ಚಾಚಿದ.

“ಬಂದಿದ್ದು ಒಳ್ಳೇದಾಯ್ತು ಡಾಕ್ಟ್ರಮ್ಮ. ಮೆಟ್ಲು ಹತ್ತುವಾಗ ಇದು ಕಟಕಟ ಅನ್ನುತ್ತೆ.”

“ಬಿಚ್ಚಿ ಕೊಡಿ, ನೇತುಹಾಕಿ ಸುತ್ತಿಗೇಲಿ ಹೊಡೆದು ನೋಡ್ತೀನಿ” ಎಂದಳು ಅವಳು. ಅಂದಿನಿಂದ ಇಬ್ಬರಿಗೂ ಸ್ನೇಹವಾಯಿತು.

ಟೈರಿಗೆ ಅವಳು ನಿಜವಾಗಿಯೂ ಹಾಗೇ ಮಾಡಿದಳು. ಅದನ್ನು ರಬ್ಬರ್ ಹಗ್ಗದಲ್ಲಿ ನೇತುಹಾಕಿ, ಸುತ್ತಲೂ ಅಂಗಿ ಗುಂಡಿಯಷ್ಟು ಚಿಕ್ಕ ಅಳತೆಯಂತ್ರಗಳನ್ನು ಅಂಟಿಸಿ, ಸುತ್ತಿಗೆಯಿಂದ ಬಡಿದು ಅದುರಾಟ ದಾಖಲಿಸಿಕೊಂಡಳು. ಆಮೇಲೆ ಭಾರ ಹೇರಿ, ಗಾಳಿ ಹೆಚ್ಚು ಕಡಿಮೆ ಮಾಡಿ ನೋಡಿದಳು. ಅವಳ ಲೆಕ್ಕದಲ್ಲಿ ಟೈರೆಂದರೆ ಚಕ್ರದ ಸುತ್ತ ತೊಡಿಸಿದ ರಬ್ಬರಿನ ಬಳೆ. ಬಳೆಗೂ ಚಕ್ರಕ್ಕೂ ನಡುವೆ ಸಾಲಾಗಿ ಸ್ಪ್ರಿಂಗುಗಳು. ಕ್ಲೆಮ್ ಟೀ ಲೋಟ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದ. ಇದು ಇಂಥ ಸದ್ದು ಕೊಡುತ್ತದೆ ನೋಡು ಎಂದು ಅವನು ಮೊದಲೇ ಹೇಳುತ್ತಿದ್ದ, ಕಂಪ್ಯೂಟರ್ ಆಮೇಲೆ ಹೌದೆನ್ನುತ್ತಿತ್ತು. ನೆರಿಡಾಳ ಲಾರಿಯ ವಿಷಯದಲ್ಲಿ ಮಾತ್ರ ಎಂಬತ್ತರ ವೇಗದಲ್ಲಿ ಸೊಂಟ ಮುರಿಯುವಂಥ ನಡುಕ ಬರಲಾರದು ಎಂದೇ ಲೆಕ್ಕ ಹೇಳಿತು.

“ಹಾಗಾದ್ರೆ ಲೆಕ್ಕಾನ ಲಾರೀಲಿ ಕೂರಿಸ್ಕೊಂಡು ಹೋಗೋಣ” ಎಂದ ಕ್ಲೆಮ್.

ಮರುದಿನ ಬೆಳಿಗ್ಗೆ ನೆರಿಡಾ ಲಾರಿ ಹತ್ತಿದಳು. ಪಕ್ಕದಲ್ಲಿ ಕ್ಲೆಮ್, ಸೀಟಿನ ಹಿಂದೆ ಚಾಲಕರು ಮಲಗುವ ಮಂಚದ ಮೇಲೆ ಯಂತ್ರ ತಬ್ಬಿಕೊಂಡ ಸೂ-ಲಿನ್. ಅವನು ಸ್ಕ್ರೂಡ್ರೈವರ್ ಕಚ್ಚಿಕೊಂಡು ಬಾಗಿಲ ಕಂಬಕ್ಕೆ ಒತ್ತಿ ಕೂತ. ನಡುಕ ಏರಿದಾಗಲೆಲ್ಲ ಕೈಯೆತ್ತಿದ, ಇಳಿದಾಗ ಕೆಳಗಿಟ್ಟ. ಸೂ-ಲಿನ್ ಗಡಿಯಾರ ನೋಡಿಕೊಂಡಳು. ಹದಿನೈದು ಸೆಕೆಂಡಿಗೊಮ್ಮೆ, ಹೆಚ್ಚು ಕಡಿಮೆ ತಪ್ಪದೆ, ಆ ಕೈ ಏಳುತ್ತಿತ್ತು. ದಾರಿಯ ಮೆಂಜೀಸ್ ಊರಿನಲ್ಲಿ ಲಾರಿ ನಿಲ್ಲಿಸಿದಾಗ ಅವನು ಬಾಯಿ ಒರೆಸಿಕೊಂಡ.

“ಒಂದು ನಡುಕ ಅಲ್ಲ ಇದು, ಎರಡು. ಒಂದು ಚೂರು ಬೇಗ ಸುತ್ತುತ್ತೆ, ಇನ್ನೊಂದು ಚೂರು ನಿಧಾನ. ಎರಡೂ ಹೆಜ್ಜೆ ಕೂಡಿದಾಗ ನೆರಿಡಾ ಸೊಂಟಕ್ಕೆ ಹೊಡೆತ. ಹೆಜ್ಜೆ ತಪ್ಪಿದಾಗ ಸುಮ್ಮನಿರುತ್ತೆ.”

ಸೂ-ಲಿನ್ ಹಣೆ ಬಡಿದುಕೊಂಡಳು. “ನಾನು ಇಷ್ಟು ದಿನ ಒಂದೇ ಟೈರಿಗೆ ಲೆಕ್ಕ ಹಾಕ್ತಿದ್ದೆ” ಎಂದಳು.

“ಒಂದೇ ಟೈರಿನ ಲಾರಿ ನಾನಂತೂ ನೋಡಿಲ್ಲ ತಾಯಿ.”

ಅಲ್ಲೇ ರಸ್ತೆ ಬದಿಯಲ್ಲಿ, ನೊಣ ಓಡಿಸುತ್ತ, ಟೇಪು ಹಿಡಿದು ಟೈರುಗಳ ಸುತ್ತಳತೆ ತೆಗೆದರು. ಎಂಜಿನ್ನಿನ ಶಕ್ತಿ ಪಡೆಯುವ ಎರಡು ಆಕ್ಸಲ್‌ಗಳಲ್ಲಿ ಮುಂದಿನದಕ್ಕೆ ಹೊಸದಾಗಿ ರೀಸೋಲ್ ಮಾಡಿದ ಟೈರು, ಹಿಂದಿನದಕ್ಕೆ ಅರ್ಧ ಸವೆದವು. ಸುತ್ತಳತೆಯಲ್ಲಿ ಮೂರು ಸೆಂಟಿಮೀಟರಿನ ವ್ಯತ್ಯಾಸ. ಎರಡರಲ್ಲೂ ಕಣ್ಣಿಗೆ ಕಾಣದಷ್ಟು ಓರೆ. ಒಂದೊಂದರ ನಡುಕ ಸಣ್ಣದು. ಕೂಡಿದರೆ ಮಾತ್ರ ದೊಡ್ಡದು. ಆ ವಾರ ಸೂ-ಲಿನ್ ಲೆಕ್ಕವನ್ನು ಎರಡು ಆಕ್ಸಲ್‌ಗೂ ಸೇರಿಸಿ ಮತ್ತೆ ಬರೆದಳು. ಪರದೆಯ ಮೇಲೆ ಗೆರೆ ಹದಿನೈದು ಸೆಕೆಂಡಿಗೊಮ್ಮೆ ಉಬ್ಬಿ ಇಳಿಯಿತು.

ನೆರಿಡಾ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. “ಇದೇ. ನಾನು ಹೇಳ್ತಿದ್ದದ್ದು ಇದನ್ನೇ” ಎಂದಳು. ಅದನ್ನು ಕಾಗದಕ್ಕೆ ಇಳಿಸಿಕೊಂಡು ಗ್ರೇಡನ್‌ನ ಮೇಜಿನ ಮೇಲಿಟ್ಟು ಬಂದಳು. ಅವನು ಎದ್ದು ಅವಳ ಹಿಂದೆಯೇ ಅಂಗಳಕ್ಕೆ ಬಂದು, ಎಲ್ಲರ ಎದುರಿಗೆ ಕ್ಷಮೆ ಕೇಳಿದ. ಸುತ್ತಳತೆ ಹೊಂದುವ ಟೈರುಗಳನ್ನೇ ಜೊತೆಗೆ ಹಾಕಬೇಕೆಂದು ಮರುದಿನವೇ ನಿಯಮವಾಯಿತು. ನೆರಿಡಾಳ ಸೊಂಟ ಪೂರ್ತಿ ವಾಸಿಯಾಗಲಿಲ್ಲ, ಆದರೆ ಅವಳು ಕೆಲಸ ಬಿಡಲಿಲ್ಲ.

ಹೊರಡುವ ಮುನ್ನಾದಿನ ಸೂ-ಲಿನ್ ಅಳತೆಯಂತ್ರವೊಂದನ್ನು ಕ್ಲೆಮ್‌ನ ಏರ್ ಗನ್ನಿಗೆ ಅಂಟಿಸಿದಳು. ಟೈರಿನ ಕೆಲಸ ಮುಗಿಯಿತಲ್ಲ ಎಂದು ಅವನು ಗೊಣಗಿದ.

“ಟೈರಿಂದು ಮುಗೀತು. ಇನ್ನು ನಿಮ್ಮ ಕೈ ಕಥೆ ನೋಡ್ಬೇಕು” ಎಂದಳು.

ಬಂದ ಅಂಕಿ ನೋಡಿ ಅವಳ ಮುಖ ಸಪ್ಪಗಾಯಿತು. ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದ ಗನ್ನು ಅದು. ಅವನು ದಿನವಿಡೀ ಹಿಡಿದಿದ್ದ. ಅವನ ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದು ನೋಡಿದಳು.  ಅವಳ ವರದಿ ಕೈಸೇರಿದ ಮೇಲೆ ಹೊಸ ಗನ್ನುಗಳು ಬಂದವು, ಒಬ್ಬರೇ ಹಿಡಿಯದಂತೆ ಸರದಿಯೂ ಬಂತು. ಅವನ ಬೆರಳಿಗೆ ಅದು ತಡವಾಗಿತ್ತು.

ಈಗ ಕ್ಲೆಮ್ ವಾರಕ್ಕೆ ಮೂರು ದಿನ ಬಂದು ಟೈರು ಅಳೆದು ಜೋಡಿ ಮಾಡಿಕೊಡುತ್ತಾನೆ. ಗುರುವಾರ ಸಂಜೆ ಅವನ ಮನೆಗೆ ಪರ್ತ್‌ನಿಂದ ಸೂ-ಲಿನ್‌ಳ ಫೋನು ಬರುತ್ತದೆ. ಇಬ್ಬರೂ ಟೈರಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಅವನ ಹೆಂಡತಿ ವಿಲ್ಮಾ ಅವನ ಪಾಲಿನ ಕುರಿಮಾಂಸದ ಚಾಪ್ಸನ್ನು ಓವನ್ನಿನೊಳಗೆ ಬಿಸಿಯಾಗಿಟ್ಟು, ತಾನು ಮೊದಲು ಊಟ ಮುಗಿಸುತ್ತಾಳೆ.