ಮರಿಯ ಬಾಯಿಗೆ ಗೊಟ್ಟ ಇಡಲು ಬಿಡಲಿಲ್ಲ

ಇವತ್ತು ಬೆಳಿಗ್ಗೆ ನಮ್ಮ ನಾಯಿಮರಿ ವಾಂತಿ ಮಾಡಿತು. ಆ ಹುಳಿ ವಾಸನೆಗೆ ಲೊಕ್ಕನಹಳ್ಳಿಯ ತಾತನ ಮನೆಯ ಕೊಟ್ಟಿಗೆ ನೆನಪಾಯಿತು. ದನಕ್ಕೆ ಏನೇ ಆದರೂ ತಾತ ಬಾಯಿಗೆ ಬಿದಿರಿನ ಕೊಳವೆಯ ಗೊಟ್ಟ ಇಟ್ಟು ಬೇವಿನ ಕಷಾಯ ಹೊಯ್ಯುತ್ತಿದ್ದರು. ನಾನು ಚಿಕ್ಕವಳಿದ್ದಾಗ ಒಮ್ಮೆ, ವಾಂತಿ ಮಾಡಿಕೊಂಡ ನನ್ನ ಅಂಗೈಯಗಲದ ನಾಯಿಮರಿಗೂ ಅದೇ ಗೊಟ್ಟ ತಂದರು. ಹಿಂದಿನ ಮರಿ ಹಾಗೆ ಹೊಯ್ದ ಕಷಾಯಕ್ಕೇ ಉಸಿರುಗಟ್ಟಿ ಸತ್ತದ್ದನ್ನು ನೋಡಿದ್ದೆ. ಇದನ್ನು ಲಂಗದಲ್ಲಿ ಸುತ್ತಿಕೊಂಡು ಹುಲ್ಲಿನ ಮೆದೆ ಹತ್ತಿದೆ.

“ಇಳಿಯೇ ಲೇ, ಸತ್ತೋಯ್ತದೆ ಅದು!” ತಾತ ಗದರಿದರು.

“ಇದೇನ್ ದನವಾ ತಾತ? ನಾ ಕೊಡಾಕಿಲ್ಲ, ಓಗು!”

ಅಜ್ಜಿ ಒಂದು ಚೊಂಬು ನೀರು ಮೇಲಕ್ಕೆ ಎತ್ತಿ ಕೊಟ್ಟಳು. ಸಂಜೆಯವರೆಗೂ ಬೆರಳಲ್ಲಿ ಹನಿಹನಿಯಾಗಿ ನೆಕ್ಕಿಸಿದೆ. ಮರಿ ಬದುಕಿತು. ನೀರಿನಿಂದಲೋ ಅದೃಷ್ಟದಿಂದಲೋ, ಗೊತ್ತಿಲ್ಲ.

ಇವತ್ತು ಪಕ್ಕದ ಮನೆಯವರು ಹರಳೆಣ್ಣೆ ತಂದು, “ಕುಡ್ಸಿ ಕಣ್ರಿ, ಎಲ್ಲಾ ಓಯ್ತದೆ” ಎಂದರು. ಬಾಟಲಿ ವಾಪಸ್ ಕೊಟ್ಟೆ. ಮರಿಯನ್ನು ಎತ್ತಿಕೊಂಡು ಹನೂರಿನ ಪಶು ಆಸ್ಪತ್ರೆಗೆ ಬಸ್ ಹತ್ತಿದೆ.