ಮಿಸ್ ಬರೆದ ಅಧ್ಯಾಯದಲ್ಲಿ ನಾನು

ಪುಸ್ತಕ ಡೈನಿಂಗ್ ಟೇಬಲ್ಲಿನ ಮೇಲಿದೆ. ಎಲ್ಲಿ ಹಿಡಿದು ತೆರೆದರೂ ಅದೇ ಪುಟಕ್ಕೆ ಬಂದು ನಿಲ್ಲುತ್ತದೆ, ಅಷ್ಟು ಸಲ ಅದನ್ನು ಬಿಡಿಸಿ ಅಂಗೈಯಿಂದ ಒತ್ತಿದ್ದೇನೆ. ಗೋಂದಿನ ವಾಸನೆ ಇನ್ನೂ ಹೋಗಿಲ್ಲ. ಹತ್ತನೇ ತರಗತಿ ಮುಗಿಸಿದ ಮಕ್ಕಳಿಗೆ ಮುಂದೆ ಯಾವ ದಾರಿ ಅಂತ ಹೇಳಿಕೊಡುವ ಕೆರಿಯರ್ ಕೌನ್ಸೆಲರ್‌ಗಳಿಗಾಗಿ ಬರೆದ ಪಠ್ಯಪುಸ್ತಕ ಅದು. ಒಬ್ಬೊಬ್ಬರು ಒಂದೊಂದು ಅಧ್ಯಾಯ ಬರೆದಿದ್ದಾರೆ. ಈ ವಯಸ್ಸಿನಲ್ಲಿ ನಾನು ಆ ಡಿಪ್ಲೊಮಾಕ್ಕೆ ಸೇರಿದ್ದೇನೆ. ಶನಿವಾರ ಶನಿವಾರ ಜಯನಗರದಲ್ಲಿ ಕ್ಲಾಸು.

ಏಳನೇ ಅಧ್ಯಾಯದಲ್ಲಿ ಒಂದು ಕೇಸ್ ಇದೆ. ಹದಿನೈದು ವರ್ಷದ ಹುಡುಗಿ. ಮನೆ ಬನಶಂಕರಿಯಲ್ಲಿ. ಮನೆಯ ಹಿಂದಿನ ಬಯಲಲ್ಲಿ ಹೊಸ ಬಡಾವಣೆಗೆ ಅಳತೆ ಮಾಡಲು ಬರುತ್ತಿದ್ದ ಸರ್ವೆಯವರನ್ನು ತಾರಸಿಯಿಂದ ನೋಡಿ ನೋಡಿ, ತಾನೂ ಭೂಮಿ ಅಳೆಯಬೇಕು ಅಂತ ಆಸೆಪಟ್ಟವಳು. ಅವರು ಹೋದ ಮೇಲೆ ಬಯಲಿಗಿಳಿದು, ಅಮ್ಮನ ಸೀರೆ ಒಣಹಾಕುವ ಹಗ್ಗದಿಂದ ತಾನೂ ಅಳೆದು ನೋಡುತ್ತಿದ್ದವಳು.

ಹಗ್ಗದ ವಿಷಯ ನಾನು ಜನ್ಮದಲ್ಲಿ ಒಬ್ಬರಿಗೇ ಹೇಳಿದ್ದು. ಅಧ್ಯಾಯದ ಕೊನೆಗೆ ಹೋದೆ. ಪುಟ್ಟ ಅಕ್ಷರದಲ್ಲಿ ಅವರ ಹೆಸರಿತ್ತು.

ನಾವು ಅವರನ್ನು ಕೆರಿಯರ್ ಮಿಸ್ ಅನ್ನುತ್ತಿದ್ದೆವು. ನಮ್ಮ ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಹೇಳಿಕೊಡುತ್ತಿದ್ದರು. ಶುಕ್ರವಾರದ ಕೊನೇ ಪೀರಿಯಡ್ಡು ಕೆರಿಯರ್ ಗೈಡೆನ್ಸ್. ಗಂಜಿ ಹಾಕಿದ ಕಾಟನ್ ಸೀರೆ, ತುರುಬಿನಲ್ಲಿ ಸಿಕ್ಕಿಸಿದ ಪೆನ್ಸಿಲ್ಲು. ಯಾರ ಡೆಸ್ಕಿನ ಪಕ್ಕ ನಿಂತರೂ ಮಾತಾಡುತ್ತಾ ಮಾತಾಡುತ್ತಾ ರಬ್ಬರಿನ ಪುಡಿಯನ್ನು ಅಂಗೈಗೆ ಬಳಿದುಕೊಂಡು ಹೋಗಿ ಕಸದ ಬುಟ್ಟಿಗೆ ಹಾಕುತ್ತಿದ್ದರು. ತಮ್ಮ ಡಬ್ಬಿಯ ಮೊಸರನ್ನದಲ್ಲಿ ಅರ್ಧ ನಮಗೇ. ನನಗೆ ಜ್ವರ ಬಂದಾಗ ರಿಕ್ಷಾ ಹಿಡಿದು ಮನೆಗೆ ಬಂದಿದ್ದರು... ಕೆಟ್ಟವರಾಗಿದ್ದಿದ್ದರೆ ಈಗ ನನಗೆ ಎಷ್ಟು ಸುಲಭವಾಗಿರುತ್ತಿತ್ತು.

ಹತ್ತನೇ ತರಗತಿಯಲ್ಲಿ ಅವರು ನಮಗೊಂದು ಟೆಸ್ಟ್ ಕೊಟ್ಟರು. ಮಡಿಸಿದ ಕಾಗದದ ಚಿತ್ರ, ಬಿಡಿಸಿದರೆ ಹೇಗಿರುತ್ತೆ? ಈ ಡಬ್ಬಿಯನ್ನು ತಿರುಗಿಸಿದರೆ ಆ ಕಡೆ ಯಾವ ಗುರುತು ಕಾಣುತ್ತೆ? ಎಲ್ಲರೂ ಪೆನ್ಸಿಲ್ ಕಚ್ಚುತ್ತಾ ಕೂತಿದ್ದಾಗ ನಾನು ಮುಗಿಸಿ ಕಿಟಕಿಯಾಚೆ ನೋಡುತ್ತಿದ್ದೆ. ಮಿಸ್ ಬಂದು ನನ್ನ ಹಾಳೆ ಎತ್ತಿಕೊಂಡು, ಒಂದು ಸಲ ನನ್ನ ಮುಖ ನೋಡಿ, ಮುಂದಿನ ಡೆಸ್ಕಿಗೆ ಹೋದರು.

ಫಲಿತಾಂಶ ನಮ್ಮ ಕೈಗೆ ಕೊಡುವ ಪದ್ಧತಿ ಇರಲಿಲ್ಲ. ಹೆತ್ತವರನ್ನು ಕರೆಸಿ ಮಾತಾಡುತ್ತಿದ್ದರು. ಅಪ್ಪ ಬಂದರು. ಮುಂದೇನು ಓದಬೇಕು ಅಂತ ಕೇಳಿದ್ದ ಫಾರಂನಲ್ಲಿ ನಾನು ಸಿವಿಲ್ ಡಿಪ್ಲೊಮಾ ಅಂತ ಬರೆದಿದ್ದೆ. ಹೊರಗೆ ಕಾರಿಡಾರಿನಲ್ಲಿ ನಿಂತಿದ್ದವಳಿಗೆ ಅಪ್ಪ ಹೇಳಿದ್ದು ಕೇಳಿಸಿತು, "ಬಿಸಿಲಲ್ಲಿ ಗಂಡಸರ ಜೊತೆ ಕೋಲು ಹಿಡ್ಕೊಂಡು ನಿಲ್ತಾಳಾ ಮೇಡಂ ನಮ್ಮ ಹುಡುಗಿ? ನಾಳೆ ಮದುವೆ ಮಾಡ್ಬೇಕು ನಾನು." ಮಿಸ್ ನಕ್ಕರು. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ, ಅವರ ಕಾಲದ ಅಪ್ಪಂದಿರು ಇನ್ನೇನು ಹೇಳುತ್ತಿದ್ದರು. ಆ ನಗುವಿನ ಮೇಲೆ ಸಿಟ್ಟಿದೆ.

ಅಪ್ಪ ಹೋದ ಮೇಲೆ ಒಳಗೆ ಕರೆದು, ಹೋಮ್ ಸೈನ್ಸ್ ತಗೋ, ಅದೂ ಸೈನ್ಸೇ ಅಂದರು. ಮನೆಯಲ್ಲೂ ಅಳೆಯುವುದು ಬೇಕಾದಷ್ಟಿರುತ್ತೆ ಅಂತ ತಮಾಷೆ ಮಾಡಿದರು. ನಾನೂ ನಕ್ಕೆ. ಬಾಗಿಲ ತನಕ ಹೋದವಳು ತಿರುಗಿ ಕೇಳಿದೆ,

"ಮಿಸ್, ಟೆಸ್ಟಲ್ಲಿ ನಂಗೆಷ್ಟು ಬಂತು?"

"ಪರವಾಗಿಲ್ಲ ಕಂದಾ. ಸುಮಾರಾಗಿ ಮಾಡಿದೀಯ."

ಸುಮಾರು. ಆ ಒಂದು ಪದವನ್ನು ಕಟ್ಟಿಕೊಂಡು ನಾನು ಇಷ್ಟು ವರ್ಷ ಬಾಳಿದೆ. ಹೋಮ್ ಸೈನ್ಸ್ ಓದಿದೆ, ಮದುವೆಯಾದೆ, ಎರಡು ಮಕ್ಕಳನ್ನು ಸಾಕಿದೆ. ಗೋಡೆಯ ಮೇಲಿನ ಫೋಟೋ ಕೂದಲೆಳೆಯಷ್ಟು ವಾಲಿದರೂ ನನ್ನ ಕಣ್ಣಿಗೆ ಚುಚ್ಚುತ್ತದೆ. ನಮ್ಮವರು ಅದನ್ನು ಅಮ್ಮಾವ್ರ ಕಾಯಿಲೆ ಅಂತ ರೇಗಿಸುತ್ತಾರೆ. ಅಂಜನಾಪುರದ ಸೈಟಿನಲ್ಲಿ ಮನೆ ಕಟ್ಟುವಾಗ ರಸ್ತೆಯಲ್ಲೇ ನಿಂತು ಕಿಟಕಿಯ ಸಜ್ಜೆ ಎಡಕ್ಕಿಳಿದಿದೆ ಅಂದೆ. ಮೇಸ್ತ್ರಿ ಒಪ್ಪಲಿಲ್ಲ. ರಸಮಟ್ಟ ಇಟ್ಟು ನೋಡಿದವನು, "ಅಕ್ಕಾ, ಇದ್ಯಾಕೆ ನಂಗೆ? ನಿಮ್ಮ ಕಣ್ಣಲ್ಲೇ ಇದ್ಯಲ್ಲ" ಅಂತ ಅದನ್ನು ಜೇಬಿಗೆ ಹಾಕಿಕೊಂಡ. ಎಲ್ಲರೂ ನಕ್ಕರು. ಸುಮಾರಿನವಳಿಗೆ ಏನೋ ಕುರುಡು ಅದೃಷ್ಟ ಅಂತ ನಾನೂ ನಕ್ಕಿದ್ದೆ.

ಪುಸ್ತಕ ಇಂಗ್ಲಿಷಿನಲ್ಲಿದೆ, ಆ ಕೇಸಿನಲ್ಲಿ ಮುಂದೆ ಇರುವುದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಆಕಾರ, ದೂರಗಳನ್ನು ಗ್ರಹಿಸುವ ಶಕ್ತಿಯಲ್ಲಿ, ಲೇಖಕಿ ತನ್ನ ಇಡೀ ಸರ್ವಿಸಿನಲ್ಲಿ ಪರೀಕ್ಷಿಸಿದ ಹುಡುಗಿಯರಲ್ಲೇ ಈಕೆಯದು ಅತಿ ಹೆಚ್ಚಿನ ಅಂಕ. ಮನೆಯ ಪರಿಸ್ಥಿತಿ ಅನುಕೂಲವಾಗಿರಲಿಲ್ಲವಾದ್ದರಿಂದ, ನಿರಾಶೆಯಾಗದಿರಲೆಂದು ಅಂಕವನ್ನು ಆಕೆಗೆ ತಿಳಿಸಲಿಲ್ಲ. ಕೆಲವು ವರ್ಷಗಳ ನಂತರ ವಿಚಾರಿಸಿದಾಗ ಆಕೆ ತಾನು ಸಂತೋಷವಾಗಿದ್ದೇನೆಂದು ದೃಢಪಡಿಸಿದಳು. ಯಶಸ್ವಿ ಪ್ರಕರಣ.

ಕಾನ್ವೆಂಟಿನಲ್ಲಿ ಸಿಟ್ಟು ಬಂದರೆ ಹೋಗಿ ನೀರು ಕುಡಿದು ಬಾ ಅನ್ನುತ್ತಿದ್ದರು. ಇದನ್ನು ಓದಿದ ದಿನ ಮೂರು ಲೋಟ ಕುಡಿದೆ. ಲೋಟವನ್ನು ಸಿಂಕಿಗೆ ಎಸೆದ ಸದ್ದಿಗೆ ಕೆಲಸದಾಕೆ ಓಡಿ ಬಂದಳು.

ಎಲ್ಲಿ ವಿಚಾರಿಸಿದರು ಅಂತ ಹೇಳುತ್ತೇನೆ. ನನ್ನ ರಿಸೆಪ್ಷನ್ನಿನಲ್ಲಿ. ಸ್ಟೇಜಿನ ಮೇಲೆ, ಕುತ್ತಿಗೆ ಬಗ್ಗುವಷ್ಟು ಹಾರ, ಪಕ್ಕದಲ್ಲಿ ಅತ್ತೆ, ಎದುರಿಗೆ ವಿಡಿಯೋದವನ ದೀಪ, ಹಿಂದೆ ಉಡುಗೊರೆ ಹಿಡಿದವರ ಸಾಲು. ಮಿಸ್ ನನ್ನ ಗಲ್ಲ ಹಿಡಿದು, "ಹ್ಯಾಪಿನಾ ಕಂದಾ?" ಅಂದರು. ಹೂಂ ಮಿಸ್ ಅಂದೆ. ಇನ್ನೇನು ಹೇಳಲಿ? ಊಟ ಮಾಡ್ಕೊಂಡೇ ಹೋಗಿ ಅಂತಲೂ ಹೇಳಿದ್ದೆ. ಅದನ್ನೂ ಬರೆಯಬಹುದಿತ್ತು.

ಈ ಕೇಸಿನ ಕೆಳಗೆ ಒಂದು ಪ್ರಶ್ನೆ ಇದೆ. ಇಲ್ಲಿ ಕೌನ್ಸೆಲರ್ ಯಶಸ್ವಿಯಾಗಲು ಅನುಸರಿಸಿದ ಹಂತಗಳನ್ನು ವಿವರಿಸಿ, ಹತ್ತು ಅಂಕ. ನಮ್ಮ ಟ್ಯೂಟರ್ ಅದನ್ನೇ ಅಸೈನ್‌ಮೆಂಟ್ ಕೊಟ್ಟಳು. ನನ್ನ ಮಗಳ ವಯಸ್ಸಿನ ಹುಡುಗಿ. ಈ ಕೇಸ್ ಯಶಸ್ವಿ ಅಂತ ನನಗನಿಸಲ್ಲ ಅಂದೆ. "ಮೇಡಂ, ನಿಮಗನಿಸೋದು ಬೇಡ, ಟೆಕ್ಸ್ಟಲ್ಲಿರೋದನ್ನ ಬರೀರಿ" ಅಂದಳು. ಅದರಲ್ಲಿ ಪಾಸಾಗದಿದ್ದರೆ ಮಕ್ಕಳೊಂದಿಗೆ ಕೂತು ಮಾತಾಡುವ ಪ್ರಾಕ್ಟಿಕಲ್ಸಿಗೆ ಬಿಡುವುದಿಲ್ಲ. ನಾನು ಸೇರಿದ್ದೇ ಅದಕ್ಕೆ.

ಬರೆಯುವ ಮುಂಚೆ ಮಿಸ್ಸನ್ನು ನೋಡಬೇಕೆನಿಸಿತು. ನಿಜ ಹೇಳಬೇಕೆಂದರೆ, ಜಗಳವಾಡಬೇಕು ಅಂತ. ಹಳೇ ಸಹಪಾಠಿಯಿಂದ ವಿಳಾಸ ತೆಗೆದುಕೊಂಡು ಜೆ.ಪಿ. ನಗರಕ್ಕೆ ಹೋದೆ. ಏನೇನು ಕೇಳಬೇಕು ಅಂತ ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಬಾಗಿಲು ತೆಗೆದದ್ದು ಅವರ ತಂಗಿ. ಅಕ್ಕ ಹೋಗಿ ಎರಡು ವರ್ಷವಾಯಿತು ಅಂದರು. ಒಳಗೆ ಕೂರಿಸಿ ಕಾಫಿ ಕೊಟ್ಟರು. ಶೋಕೇಸಿನಲ್ಲಿ ನನ್ನದೇ ಪುಸ್ತಕ, ಅಂದರೆ ಅವರದು... ತಂಗಿ ಅದನ್ನು ಸೆರಗಿನಿಂದ ಒರೆಸಿ ತೋರಿಸಿದರು.

"ನಮ್ಮಕ್ಕನ ಸ್ಟೂಡೆಂಟ್ಸ್ ಎಲ್ಲಾ ಚೆನ್ನಾಗಿ ಸೆಟ್ಲ್ ಆಗಿದಾರಂತೆ. ನೀವೂ ಅಷ್ಟೇ ಅಲ್ವಾ?"

ಹೂಂ ಅಂದೆ. ಬಾಯಿ ತಾನಾಗಿ ಅಂದುಬಿಟ್ಟಿತು.

ಆ ಹೂಂ ಮೇಲಿನ ಸಿಟ್ಟಿಗೇ ಇರಬೇಕು, ಮನೆಗೆ ಬಂದು ಕೈಕಾಲು ತೊಳೆಯದೆ ಕೂತು ಬರೆದೆ. ಇಲ್ಲಿ ಯಶಸ್ಸಿನ ಹಂತಗಳಿಲ್ಲ. ಕೌನ್ಸೆಲರ್ ಹುಡುಗಿಯ ಅಂಕವನ್ನು ಹುಡುಗಿಯಿಂದಲೇ ಮುಚ್ಚಿಟ್ಟರು. ಕೇಳಿದಾಗ ಸುಳ್ಳು ಹೇಳಿದರು. ಮದುವೆಮನೆಯ ಹೂಂ ಅನ್ನು ಸಾಕ್ಷಿ ಅಂತ ಬರೆದುಕೊಂಡರು. ಎರಡು ಪುಟ ಆಯಿತು. ಹತ್ತಕ್ಕೆ ಎರಡು ಅಂಕ ಬಂತು, ಪಠ್ಯಕ್ಕೆ ಹೊಂದುವುದಿಲ್ಲ ಅಂತ ಷರಾ. ಇದೇ ಶನಿವಾರದೊಳಗೆ ತಿದ್ದಿ ಕೊಟ್ಟರೆ ಪಾಸು ಮಾಡುತ್ತಾಳಂತೆ. ತಿದ್ದುವುದಿಲ್ಲ ಅಂತ ನಿನ್ನೆ ಫೋನ್ ಮಾಡಿ ಹೇಳಿದೆ. ಅವಳು ನಿಟ್ಟುಸಿರು ಬಿಟ್ಟಿದ್ದು ಕೇಳಿಸಿತು.

ಡಿಪ್ಲೊಮಾ ಹೋದರೆ ಹೋಯಿತು. ಮಿಸ್ ಹೋದದ್ದನ್ನೇ ನನಗೆ ತಡೆಯಲಾಗುತ್ತಿಲ್ಲ. ನನ್ನಲ್ಲಿ ಏನಿತ್ತು ಅಂತ ಈ ಊರಲ್ಲಿ ಗೊತ್ತಿದ್ದವರು ಅವರೊಬ್ಬರೇ. ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು, ಅವರಿಲ್ಲ.

ಹೇಳಿಬಿಡಬೇಕಿತ್ತು ಮಿಸ್. ಅಪ್ಪ ಒಪ್ಪುತ್ತಿರಲಿಲ್ಲ, ಅದು ನನಗೂ ಗೊತ್ತು. ಎದುರು ಮಾತಾಡುವ ಧೈರ್ಯ ನನಗೂ ಇರಲಿಲ್ಲ. ಕೊನೆಗೆ ಇದೇ ಅಡುಗೆಮನೆಗೇ ಬಂದು ನಿಲ್ಲುತ್ತಿದ್ದೆನೇನೋ. ಆದರೆ ನಾನು ಯಾರು ಅಂತ ಗೊತ್ತಿದ್ದು ಬರುತ್ತಿದ್ದೆ.