ಅರಿಶಿನದ ದಾರ ಕಟ್ಟಿಕೊಂಡು ಚಿನ್ನ ಹುಡುಕಿದ್ದು

ಮುಳಬಾಗಿಲಿಗೆ ಬಂದ ಮೊದಲ ವಾರವೇ ಊರಿನವರ ಕಣ್ಣಲ್ಲಿ ನಾನು ಗಂಡನನ್ನು ಕಳೆದುಕೊಂಡವಳಾಗಿದ್ದೆ. ಗಂಡ ಬಾಗಲಕೋಟೆಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಂಡು ಗಟ್ಟಿಮುಟ್ಟಾಗಿಯೇ ಇದ್ದ. ತಪ್ಪು ನನ್ನ ಭೂಸರ್ವೇಕ್ಷಣೆಯ ಕೆಲಸದ್ದು. ಮಣ್ಣಿನಲ್ಲಿ ಚಿನ್ನದ ಸುಳಿವು ಹುಡುಕುವವರು ಮೈಮೇಲೆ ಚಿನ್ನ ಹಾಕಿಕೊಳ್ಳುವಂತಿಲ್ಲ. ಉಂಗುರ ಸವೆದು ಕಣ್ಣಿಗೆ ಕಾಣದಷ್ಟು ಪುಡಿ ಮಣ್ಣಿನ ಚೀಲಕ್ಕೆ ಬಿದ್ದರೂ ಸಾಕು, ಪ್ರಯೋಗಾಲಯದವರಿಗೆ ಅದೇ ನಿಕ್ಷೇಪವಾಗಿ ಕಾಣುತ್ತದೆ. ಹಾಗಾಗಿ ಬೆಳಗ್ಗೆ ಓಲೆ, ಉಂಗುರ, ತಾಳಿ ಎಲ್ಲ ಬಿಚ್ಚಿಟ್ಟು ಹೊಲಕ್ಕೆ ಹೊರಡುತ್ತಿದ್ದೆ. ಚಿನ್ನದ ಸೀಮೆಗೆ ಹೋಗಿ ಬೋಳು ಕೊರಳಲ್ಲಿ ತಿರುಗಬೇಕಾಗುತ್ತದೆಂದು ನಮ್ಮೂರಲ್ಲಿ ಹೇಳಿದ್ದರೆ ಯಾರು ನಂಬುತ್ತಿದ್ದರು?

ನಾನು ಬಾಡಿಗೆಗಿದ್ದದ್ದು ಪಟ್ಟಣದಾಚೆಯ ಹಳ್ಳಿಯಲ್ಲಿ, ನಾರಾಯಣಮ್ಮ ಎಂಬವರ ಮನೆಯ ಹಿಂದಿನ ಕೋಣೆಯಲ್ಲಿ. ರೇಷ್ಮೆಹುಳು ಸಾಕುವ ಮನೆ. ಒಂದು ಸಂಜೆ ಅವರು ತಡೆಯಲಾರದೆ ಕೇಳಿಯೇಬಿಟ್ಟರು.

"ಬೇಜಾರ್ ಮಾಡ್ಕೋಬೇಡಮ್ಮಾ, ಯಜಮಾನ್ರು ಇದಾರಾ?"

"ಅದಾರ್ರೀ! ದಿನಾ ಫೋನಿನ್ಯಾಗ ಜಗಳಾ ಆಡ್ತಾರ" ಎಂದು ನಕ್ಕು, ಕೆಲಸದ ಕಟ್ಟಳೆ ವಿವರಿಸಿದೆ.

ಅವರು ನಗಲಿಲ್ಲ. ಒಳಗೆ ಹೋಗಿ ಅರಿಶಿನದ ಕೊಂಬು ಕಟ್ಟಿದ ದಾರ ತಂದು ನನ್ನ ಕೊರಳಿಗೆ ಕಟ್ಟಿದರು. "ಇದ್ರಲ್ಲಿ ಚಿನ್ನ ಇಲ್ವಲ್ಲಾ? ನಿಮ್ ಮಿಷಿನ್ನು ಏನೂ ಅನ್ನಲ್ಲ ಬಿಡು." ಅವರ ಕಟ್ಟಳೆಯೂ ಕಡಿಮೆಯದಲ್ಲ. ಕೈಕಾಲು ತೊಳೆಯದೆ ಹುಳುವಿನ ಮನೆಯ ಹೊಸಿಲು ದಾಟಿದರೆ ಯಾರನ್ನೂ ಬಿಡುತ್ತಿರಲಿಲ್ಲ.

ನಮ್ಮ ಕಡೆಯ ಕಪ್ಪು ಎರೆಮಣ್ಣು ಮಳೆ ಬಂದಾಗ ಕಾಲಿನ ಚಪ್ಪಲಿ ಕಸಿದುಕೊಳ್ಳುತ್ತದೆ. ಇಲ್ಲಿಯ ಕೆಂಪು ಮಣ್ಣು ಒಗೆದ ಮೇಲೂ ಬಟ್ಟೆ ಬಿಡುವುದಿಲ್ಲ. ಜೋಳದ ರೊಟ್ಟಿ ಅಗಿದು ಬೆಳೆದ ಬಾಯಿಗೆ ಮುದ್ದೆ ನುಂಗುವುದು ಬರಲಿಲ್ಲ. ನಾನು ಅಗಿಯುವುದನ್ನು ನೋಡಲೆಂದೇ ಪಕ್ಕದ ಮನೆಯವರು ಬರುತ್ತಿದ್ದರು. ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. "ನಿನ್ ಪುಟ್ಟಿಲ್ಲು ಯಾವೂರಮ್ಮಾ?" ಎಂದು ನಾರಾಯಣಮ್ಮ ಕೇಳಿದಾಗ ನಾನು ಪಿಳಿಪಿಳಿ ಕಣ್ಣು ಬಿಟ್ಟಿದ್ದೆ. ಪುಟ್ಟಿಲ್ಲು ಎಂದರೆ ತವರುಮನೆ. ಗೊತ್ತಾದ ಮೇಲೆ ಆ ಮಾತು ಕೇಳಿದರೆ ಅಳು ಬರುತ್ತಿತ್ತು. ಭಾನುವಾರಗಳು ಮುಗಿಯುತ್ತಲೇ ಇರಲಿಲ್ಲ.

ಬೇಸಿಗೆಯ ಹೊತ್ತಿಗೆ ಫಲಿತಾಂಶ ಬಂತು. ನಾವು ಮಣ್ಣು ತೆಗೆದಿದ್ದ ಹೊಲಗಳಲ್ಲಿ ಚಿನ್ನದ ಸುಳಿವು ಎದ್ದು ಕಂಡದ್ದು ಒಂದೇ ಕಡೆ, ಊರ ಕೆರೆಯ ಪಕ್ಕದಲ್ಲಿದ್ದ ನಾರಾಯಣಮ್ಮನವರ ಹಿಪ್ಪುನೇರಳೆ ತೋಟದಲ್ಲಿ. ಚಿನ್ನ ಇದ್ದಲ್ಲಿ ಸಾಮಾನ್ಯವಾಗಿ ಜೊತೆಗಿರುವ ಆರ್ಸೆನಿಕ್ ಕೂಡ ಅಲ್ಲಿತ್ತು. ಕಚೇರಿಯಲ್ಲಿ ಆ ತೋಟಕ್ಕೆ ಕೊರೆಯುವ ಯಂತ್ರ ಇಳಿಸುವ ಮಾತು ಶುರುವಾಯಿತು.

"ಧೂಳು ಬಿದ್ದಿದ್ ಸೊಪ್ಪು ತಿಂದ್ರೆ ಹುಳ ಉಳಿಯಲ್ಲ ಕಣಮ್ಮಾ" ಎಂದರು ನಾರಾಯಣಮ್ಮ. "ಚಿನ್ನ ಅವ್ರು ತಗೊಂಡು ಹೋಗ್ತಾರೆ. ನಮಗೇನು ಉಳೀತದೆ?"

ಆದರೂ ಆ ಸಂಜೆ ನನಗೆ ತಟ್ಟೆ ಹಾಕಿದರು. ಉಂಡ ಮನೆಗೆ ಎರಡು ಬಗೆದಂತಾಯಿತಲ್ಲ ಎಂದು ಒಂದೇ ತುತ್ತನ್ನು ಅಗಿಯುತ್ತ ಕೂತೆ.

ಅಷ್ಟರಲ್ಲಿ ಕೆರೆ ಒಣಗಿತು. ಊರವರು ಟ್ರ್ಯಾಕ್ಟರ್ ಇಳಿಸಿ ಗೋಡು ಹೊಡೆಯತೊಡಗಿದರು. ಗೋಡು ಎಂದರೆ ಕೆರೆಯ ಹೂಳು. ಸಾರ ಹೆಚ್ಚಲೆಂದು ಹೊಲಕ್ಕೆ ಹಾಕುತ್ತಾರೆ. ರಜೆಯ ದಿನ ಸುಮ್ಮನೆ ಕೂರಲಾರದೆ ನಾನೂ ಗುದ್ದಲಿ ಹಿಡಿದು ಇಳಿದೆ. ಒಡೆದ ಹೆಂಟೆಯೊಳಗೆ ಬೆಳ್ಳಗಿನ ಸಣ್ಣ ಸಣ್ಣ ಶಂಖದ ಹುಳುವಿನ ಚಿಪ್ಪುಗಳಿದ್ದವು. ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ. ನಾರಾಯಣಮ್ಮನವರ ತೋಟದ ಮಣ್ಣನ್ನು ಜರಡಿ ಹಿಡಿದಾಗ ಮೇಲೆ ಉಳಿದು ನಾನೇ ಚೆಲ್ಲಿದ ಚಿಪ್ಪುಗಳು ಇವೇ! ಎರೆಹೊಲದ ನಡುವೆ ಬೆಳೆದ ನನಗೆ ಹೊಲದ ಮಣ್ಣು ಹೊಲದ್ದೇ ಎಂಬ ನಂಬಿಕೆ. ಇಲ್ಲಿ ತಲೆಮಾರುಗಳಿಂದ ಮಣ್ಣನ್ನು ಹೊತ್ತು ತಂದು ಹೊಲ ಮಾಡಿದ್ದಾರೆ. ಹಾಗಾದರೆ ಚಿನ್ನದ ಸುಳಿವು ತೋಟದ ಅಡಿಯ ಬಂಡೆಯದಲ್ಲ, ನೀರಿನೊಡನೆ ಕೆರೆಗೆ ಬಂದು, ಗೋಡಿನೊಡನೆ ಪಕ್ಕದ ಈ ತೋಟಕ್ಕೆ ಹೆಚ್ಚಾಗಿ ಬಿದ್ದದ್ದು.

ತೋಟದಲ್ಲಿ ಗೋಡಿನ ಪದರ ದಾಟುವಷ್ಟು ಆಳಕ್ಕೆ ತೋಡಿ ಮತ್ತೆ ಮಣ್ಣು ಕಳಿಸಿದೆವು. ಅದರಲ್ಲಿ ಏನೂ ಇರಲಿಲ್ಲ. ಯಂತ್ರ ಬರುವುದಿಲ್ಲವೆಂದು ತೀರ್ಮಾನವಾದ ದಿನ ನಾನು ಮನೆಗೆ ಓಡಿದೆ. ನಾರಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮುದ್ದೆ ಬಡಿಸಿದರು. ಅಂದು ಅಗಿಯದೆ ನುಂಗಿದೆ.

"ಹಂಗಾದ್ರೆ ಚಿನ್ನ ಎಲ್ಲೈತೆ?" ಎಂದು ಮಸ್ಸೊಪ್ಪು ಹಾಕುತ್ತ ಕೇಳಿದರು.

"ಕೆರಿಗೆ ನೀರು ತರೋ ಹಳ್ಳದ ಮ್ಯಾಲಿನ ಕಡೆ ಇರಬಹುದ್ರೀ. ನಾಳೆ ಅಲ್ಲಿಗೆ ಹೋಗಬೇಕು." ಉಣ್ಣುವ ಸಂಭ್ರಮದಲ್ಲಿ ಆ ಹಳ್ಳಿಯ ಹೆಸರನ್ನೂ ಹೇಳಿದೆ.

ಸೌಟು ಅಲ್ಲೇ ನಿಂತಿತು.

"ಅದು ನನ್ ಪುಟ್ಟಿಲ್ಲು ಕಣಮ್ಮಾ."

ನನ್ನ ತವರು ಯಾವುದೆಂದು ಬಂದ ಹೊಸದರಲ್ಲೇ ಕೇಳಿದವರು ಅವರು. ತಿಂಗಳುಗಟ್ಟಲೆ ಅವರ ಕೈಯೂಟ ಉಂಡರೂ ಅವರ ತವರು ಯಾವುದೆಂದು ನಾನು ಕೇಳಿರಲಿಲ್ಲ.

ಬೆಳಗ್ಗೆ ತಾಳಿ ಬಿಚ್ಚಿಟ್ಟು ಹೊರಡುವಾಗ ಅವರೇ ಕರೆದರು. ಹಳೆಯ ದಾರ ಮಾಸಿತ್ತಂತೆ. ಹೊಸದಾಗಿ ಅರಿಶಿನ ತೊಡೆದ ದಾರ ಕಟ್ಟಿದರು. "ಬಿಸ್ಲು ಜಾಸ್ತಿ. ಹಳ್ಳದ ಪಕ್ಕದ ಹೊಲ್ದಲ್ಲಿ ನಮ್ಮಣ್ಣ ಇರ್ತಾನೆ. ನಾನ್ ಕಳಿಸ್ದೆ ಅನ್ನು, ಮಜ್ಜಿಗೆ ಕೊಡ್ತಾನೆ."

ಅಣ್ಣ ಹೊಲದಲ್ಲೇ ಇದ್ದರು. ಕೊರಳಿನ ದಾರ ನೋಡಿ, "ಯಾವೂರಮ್ಮಾ ನಿಂದು?" ಎಂದರು. ಬಾಗಲಕೋಟೆ ಎನ್ನಬೇಕು, ಬಾಯಿಗೂ ಬಂದಿತ್ತು.

"ನಿಮ್ಮ ತಂಗಿ ಮನಿಯಾಕೀರಿ, ಅಣ್ಣಾ" ಎಂದೆ.

ಅವರ ಮುಖ ಅರಳಿತು. ನೆರಳಿಗೆ ಕರೆದು ಮಜ್ಜಿಗೆ ಕೊಟ್ಟರು. ನಾನು ಕುಡಿದು ಲೋಟ ತೊಳೆದಿಟ್ಟು, ಅವರ ಹೊಲದ ಅಂಚಿನ ಹಳ್ಳಕ್ಕೆ ಇಳಿದು ಚೀಲಕ್ಕೆ ಮರಳು ತುಂಬತೊಡಗಿದೆ.